ಬೀಗದ ಕೈ ನಿಮ್ಮ ಜೇಬಿನಲ್ಲಿ, ಮನೆ ಅವರ ಸ್ವಾಧೀನದಲ್ಲಿ

ತಿಂಗಳ ಕೊನೆಯ ದಿನ. ಬೆಳಗಿನ ಏಳೂವರೆ. ಬೆಂಗಳೂರಿನ ವಿಜಯನಗರದ ಅಡ್ಡರಸ್ತೆಯೊಂದರಲ್ಲಿ ನಾಲ್ಕು ಅಂತಸ್ತಿನ ಕಟ್ಟಡದ ಗೇಟಿನ ಮುಂದೆ ನೀವು ನಿಂತಿದ್ದೀರಿ. ಮಹಡಿಗೆ ಎರಡರಂತೆ ಎಂಟು ಮನೆ. ಟಾಟಾ ಏಸ್ ಗಾಡಿಯೊಂದು ಹಿಂದಕ್ಕೆ ಬಂದು ನಿಂತಿದೆ. ಇಬ್ಬರು ಹುಡುಗರು ಮೆಟ್ಟಿಲ ತಿರುವಿನಲ್ಲಿ ಫ್ರಿಜ್ ವಾಲಿಸಿಕೊಂಡು ಇಳಿಯುತ್ತಿದ್ದಾರೆ. ಸಂಪಿಗೆ ಕಾವೇರಿ ನೀರು ಬೀಳುತ್ತಿದೆ. ನಿಮ್ಮ ಜೇಬಿನಲ್ಲಿ ಎಂಟೂ ಮನೆಗಳ ಎರಡನೇ ಬೀಗದ ಕೈಗಳ ಗೊಂಚಲಿದೆ.

ಕಟ್ಟಡ ನಿಮ್ಮದಲ್ಲ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರದು. ಅವರು ಬನಶಂಕರಿಯಲ್ಲಿ ಮಗನ ಜೊತೆ ಇದ್ದಾರೆ. ಬಾಡಿಗೆ ವಸೂಲಿ, ಪ್ಲಂಬರನ್ನು ಕರೆಸುವುದು, ಟು-ಲೆಟ್ ಬೋರ್ಡು ಹಾಕುವುದು, ಹೊಸಬರನ್ನು ಗೊತ್ತುಮಾಡುವುದು, ಹೋಗುವವರ ಲೆಕ್ಕ ಮುಗಿಸುವುದು ಎಲ್ಲ ನಿಮ್ಮ ಕೆಲಸ. ಇವುಗಳಲ್ಲಿ ಒಂದೊಂದಕ್ಕೂ ಕಾನೂನಿನ ಒಂದೊಂದು ಮಾತು ಅಂಟಿಕೊಂಡಿದೆ.

ಮೊದಲ ಮಹಡಿಯ ಮನೆ ಈಗ ಖಾಲಿಯಾಗಿದೆ. ಒಳಗೆ ಕಾಲಿಡುತ್ತೀರಿ. ಸೋಫಾ ಇದ್ದಲ್ಲಿ ಗೋಡೆಯ ಬಣ್ಣ ಗಾಢವಾಗಿ ಉಳಿದಿದೆ, ಸುತ್ತ ಮಾಸಿದೆ. ದೇವರ ಮನೆಯ ಗೋಡೆಗೆ ದೀಪದ ಮಸಿ. ಹಾಲಿನಲ್ಲಿ ಕ್ಯಾಲೆಂಡರಿನ ಎರಡು ಮೊಳೆ. ಬಚ್ಚಲಿನ ವಾಶ್‌ಬೇಸಿನ್ ಒಂದು ಬದಿಯಲ್ಲಿ ಒಡೆದಿದೆ. ಬಾಡಿಗೆ 22,000, ಅಡ್ವಾನ್ಸ್ 1,50,000 ರೂಪಾಯಿ, ಮೂರು ವರ್ಷದ ವಾಸ. ಬಾಗಿಲ ಬಳಿ ಗಂಡ ಹೆಂಡತಿ ಇಬ್ಬರೂ ನಿಂತಿದ್ದಾರೆ. ಕೇಳಬೇಕಾದ ಪ್ರಶ್ನೆಯನ್ನು ಆಕೆಯೇ ಕೇಳುತ್ತಾರೆ: "ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೋತೀರಾ ಸಾರ್?"

ಹಿಡಿದುಕೊಳ್ಳುವುದು ಬೆಂಗಳೂರಿನ ರೂಢಿ. ನೀವು ರೂಢಿಯನ್ನು ಬದಿಗಿಟ್ಟು ಕರಾರು ಪತ್ರ ತೆಗೆಯುತ್ತೀರಿ. ಪೇಂಟಿಂಗ್ ಖರ್ಚು ಬಾಡಿಗೆದಾರರದು ಎಂಬ ಷರತ್ತು ಬರೆದಿದ್ದರೆ ಅದು ಇಬ್ಬರೂ ಒಪ್ಪಿ ಸಹಿ ಹಾಕಿದ ಮಾತು, ನಡೆಯಬೇಕು. ಈ ಪತ್ರದಲ್ಲಿ ಆ ಷರತ್ತಿಲ್ಲ. ಕರಾರು ಸುಮ್ಮನಿರುವ ಕಡೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮಾತಾಡುತ್ತದೆ. ಅದರ ಕಲಂ 108ರ ಪ್ರಕಾರ, ಬಾಡಿಗೆದಾರ ತನ್ನ ಕೈಗೆ ಬಂದಾಗ ಮನೆ ಹೇಗಿತ್ತೋ ಹಾಗೆಯೇ ಒಪ್ಪಿಸಬೇಕು. ಆದರೆ ವಾಸದಿಂದ ಸಹಜವಾಗಿ ಆಗುವ ಸವೆತಕ್ಕೆ, ತಡೆಯಲಾಗದ ಪ್ರಕೃತಿ ವಿಕೋಪದಿಂದ ಆಗುವ ಹಾನಿಗೆ ಅವನು ಹೊಣೆಯಲ್ಲ. ಮೂರು ವರ್ಷದಲ್ಲಿ ಬಣ್ಣ ಮಾಸುವುದು ಸವೆತ. ದೀಪದ ಮಸಿ, ಎರಡು ಮೊಳೆ, ಇವೂ ಜನ ಬಾಳಿದ ಮನೆಯ ಗುರುತು. ಒಡೆದ ವಾಶ್‌ಬೇಸಿನ್ ಮಾತ್ರ ಸವೆತವಲ್ಲ.

ಫೋನಿನಲ್ಲಿ ಮೂರು ವರ್ಷದ ಹಿಂದಿನ ಚಿತ್ರಗಳನ್ನು ತೆರೆಯುತ್ತೀರಿ. ಮನೆ ಒಪ್ಪಿಸಿದ ದಿನವೇ ಪ್ರತಿ ಕೋಣೆ, ಪ್ರತಿ ನಲ್ಲಿ, ಪ್ರತಿ ಸ್ವಿಚ್ಚಿನ ಚಿತ್ರ ತೆಗೆದು ಇಬ್ಬರಿಗೂ ಕಳಿಸಿದ್ದೀರಿ. ವಾಶ್‌ಬೇಸಿನ್ ಆಗ ಇಡಿಯಾಗಿತ್ತು. ಆಕೆ ಚಿತ್ರ ನೋಡಿ ತಲೆದೂಗುತ್ತಾರೆ: "ಅದು ನಮ್ಮ ಕಡೆಯಿಂದಲೇ ಆಗಿದ್ದು ಸಾರ್." ಹೊಸದನ್ನು ಕೂರಿಸಲು 2,800, ಬೆಸ್ಕಾಂ ಬಾಕಿ 1,240. ಉಳಿದ 1,45,960 ರೂಪಾಯಿ ವಾಪಸ್. ಲೆಕ್ಕವನ್ನು ಹಾಳೆಯಲ್ಲಿ ಬರೆದು ಇಬ್ಬರ ಸಹಿ ಹಾಕಿಸುತ್ತೀರಿ. ಅಡ್ವಾನ್ಸ್ ಓನರಿನ ಆದಾಯವಲ್ಲ, ಹಿಂದಿರುಗಿಸಬೇಕಾದ ಹಣ. ಇದನ್ನು ಓನರಿಗೆ ಮೊದಲೇ ತಿಳಿಹೇಳಿದ್ದರಿಂದಲೇ ಹಣ ಇವತ್ತೇ ಬ್ಯಾಂಕಿಗೆ ಬರುತ್ತದೆ.

ಹತ್ತೂವರೆ. ಓನರ್ ಬರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಹೊಸ ಬೀಗ. ಬಿಸಿಲಿಗೆ ಬೆವರಿದ್ದಾರೆ. ಅವರ ಸಿಟ್ಟಿಗೆ ಕಾರಣವಿದೆ. ಎರಡನೇ ಮಹಡಿಯ ಹುಡುಗ ಮೂರು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ.

"ಅವನು ಮನೇಲಿಲ್ಲ ತಾನೆ? ನಿಮ್ಮ ಹತ್ರ ಇನ್ನೊಂದು ಕೀ ಇದೆ, ಬಾಗಿಲು ತೆಗೀರಿ. ಸಾಮಾನು ಟೆರೇಸಿಗೆ ಹಾಕ್ಸಿ. ಈ ಬೀಗ ಜಡೀರಿ."

"ಆಗಲ್ಲ ಸಾರ್."

"ಯಾಕಾಗಲ್ಲ? ಅಗ್ರಿಮೆಂಟ್ ಮುಗಿದು ಎಂಟು ತಿಂಗಳಾಯ್ತು. ನನ್ನ ಮನೆ ಇದು."

"ಮನೆ ನಿಮ್ಮದೇ ಸಾರ್. ಸ್ವಾಧೀನ ಅವನದು."

ಈ ವೃತ್ತಿಯ ತಿರುಳಿರುವುದು ಈ ಎರಡು ಮಾತಿನಲ್ಲಿ. ಮೆಟ್ಟಿಲ ಮೇಲೆ ಅವರನ್ನು ಕೂರಿಸಿ, ನೀರು ಕೊಟ್ಟು, ಬಿಡಿಸಿ ಹೇಳುತ್ತೀರಿ. ಕರಾರು ಮುಗಿದ ಮೇಲೂ ಹುಡುಗ ಐದು ತಿಂಗಳು ಬಾಡಿಗೆ ಕಟ್ಟಿದ್ದಾನೆ, ಓನರ್ ತೆಗೆದುಕೊಂಡಿದ್ದಾರೆ. ಹಾಗೆ ತೆಗೆದುಕೊಂಡಾಗ ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 116ರಂತೆ ಬಾಡಿಗೆ ಸಂಬಂಧ ತಿಂಗಳಿಂದ ತಿಂಗಳಿಗೆ ಮುಂದುವರಿದಿದೆ. ಅದನ್ನು ಮುಗಿಸಲು ಕಲಂ 106ರ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಬೇಕು. ನೋಟಿಸಿನ ನಂತರವೂ ಬಿಡದಿದ್ದರೆ ದಾರಿ ಕೋರ್ಟಿನದು.

ಬೀಗ ಜಡಿದರೆ ಏನಾಗುತ್ತದೆ? 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6 ಹುಡುಗನ ನೆರವಿಗೆ ಬರುತ್ತದೆ. ಕಾನೂನಿನ ಕ್ರಮ ಬಿಟ್ಟು ಹೊರಹಾಕಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹೂಡಿದರೆ ಸ್ವಾಧೀನ ಅವನಿಗೆ ಮರಳುತ್ತದೆ. ಆ ದಾವೆಯಲ್ಲಿ ಮನೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ನೆಲೆಯಾಗಿ ಸ್ವಾಧೀನದಲ್ಲಿರುವವನನ್ನು, ಅವನಿಗೆ ಉಳಿಯುವ ಹಕ್ಕು ಇಲ್ಲದಿದ್ದರೂ, ಒಡೆಯನು ಕಾನೂನಿನ ಮೂಲಕವೇ ತೆರವುಗೊಳಿಸಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಕೃಷ್ಣರಾಮ ಮಹಾಲೆ ಪ್ರಕರಣದಲ್ಲಿ ಹೇಳಿದೆ. ಇನ್ನು ಪೊಲೀಸ್ ಠಾಣೆಯಲ್ಲಿ ಅತಿಕ್ರಮ ಪ್ರವೇಶದ ದೂರು ದಾಖಲಾದರೆ, ಬಾಗಿಲು ತೆರೆದ ಕೈ ಯಾರದು ಎಂದು ಮೊದಲು ಕೇಳುತ್ತಾರೆ. ಕೈ ನಿಮ್ಮದು.

"ಸರಿ, ಹಾಗಾದ್ರೆ ನೀರು ನಿಲ್ಲಿಸಿ. ಫ್ಯೂಸ್ ಕಿತ್ತಿಡಿ. ತಾನಾಗೇ ಹೋಗ್ತಾನೆ."

ಅದೂ ಆಗದು. ಓನರ್ ಒಪ್ಪಿಗೆ ಪತ್ರ ಕೊಡಲಿಲ್ಲ ಎಂಬ ನೆಪದಲ್ಲಿ ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸುವಂತಿಲ್ಲ, ವಿದ್ಯುತ್ ಮೂಲಭೂತ ಸೌಕರ್ಯ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ದಿಲೀಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ನುಡಿದಿದೆ. ನೀರು, ಕರೆಂಟು ಕಿತ್ತರೆ ಬಾಕಿ ಉಳಿಸಿಕೊಂಡವನೇ ಕೋರ್ಟಿನ ಮುಂದೆ ನೊಂದವನಾಗಿ ನಿಲ್ಲುತ್ತಾನೆ. ಮೂರು ತಿಂಗಳ ಬಾಡಿಗೆ ಕಳೆದುಕೊಂಡ ಓನರ್ ತಪ್ಪಿತಸ್ಥರಾಗುತ್ತಾರೆ.

ಓನರ್ ಸುಮ್ಮನಾಗುತ್ತಾರೆ. ಚೀಲವನ್ನು ಮಡಚಿ ಪಕ್ಕಕ್ಕಿಡುತ್ತಾರೆ. ನೀವು ಹುಡುಗನಿಗೆ ಫೋನ್ ಮಾಡುತ್ತೀರಿ. ಕೆಲಸ ಹೋಗಿದೆ, ಹೊಸದು ಸಿಕ್ಕಿದೆ, ಮುಂದಿನ ವಾರ ಒಂದು ಭಾಗ ಕಟ್ಟುತ್ತೇನೆ ಎನ್ನುತ್ತಾನೆ. ಅದನ್ನೇ ಒಂದು ಸಂದೇಶವಾಗಿ ಬರೆದು ಕಳಿಸಲು ಹೇಳುತ್ತೀರಿ. ನೋಟಿಸಿನ ತಯಾರಿಯನ್ನೂ ಬಿಡುವುದಿಲ್ಲ. ವಕೀಲರಿಂದ ಬರೆಸಿ, ಸಹಿ ಹಾಕಿಸಿ, ಅಂಚೆಯಲ್ಲಿ ಕಳಿಸಿ, ರಸೀದಿ ಮತ್ತು ತಲುಪಿದ ದಾಖಲೆ ಎರಡನ್ನೂ ಜೋಪಾನ ಮಾಡಬೇಕು. ಇನ್ನೊಂದು ಎಚ್ಚರವನ್ನೂ ಓನರಿಗೆ ಹೇಳಲೇಬೇಕು. ನೋಟಿಸಿನ ಅವಧಿ ಮುಗಿದ ಮೇಲೆ ಬಂದ ಹಣವನ್ನು ಎಂದಿನ ಬಾಡಿಗೆಯಂತೆ ಸುಮ್ಮನೆ ಇಟ್ಟುಕೊಂಡರೆ, ಕಲಂ 113ರಂತೆ ನೋಟಿಸನ್ನೇ ಕೈಬಿಟ್ಟಿರಿ ಎಂಬ ವಾದಕ್ಕೆ ಎಡೆಯಾಗುತ್ತದೆ. ಯುಪಿಐನಲ್ಲಿ ಹಣ ಯಾರನ್ನೂ ಕೇಳದೆ ಬಂದು ಬೀಳುತ್ತದೆ. ಬಿದ್ದ ದಿನವೇ, ಇದನ್ನು ಬಾಡಿಗೆಯಾಗಿ ಅಲ್ಲ, ಮನೆ ಬಳಸಿದ್ದರ ಪರಿಹಾರವಾಗಿ ಮಾತ್ರ ಪಡೆದಿದ್ದೇವೆ, ನೋಟಿಸ್ ಹಾಗೆಯೇ ಇದೆ ಎಂದು ಬರೆದು ತಿಳಿಸಬೇಕು.

ಮಧ್ಯಾಹ್ನ ಒಂದು ಗಂಟೆ. ಮೂರನೇ ಮಹಡಿಯ ಆಂಟಿ ಬಾಗಿಲು ತೆರೆದು ಕಾಯುತ್ತಿದ್ದಾರೆ. ಬರುವ ವಿಷಯವನ್ನು ನೀವು ನಿನ್ನೆಯೇ ವಾಟ್ಸ್ಆ್ಯಪಿನಲ್ಲಿ ತಿಳಿಸಿದ್ದೀರಿ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ 24 ಗಂಟೆ ಮೊದಲು ತಿಳಿಸದೆ ಒಳಬರಬಾರದು, ಸೂರ್ಯೋದಯಕ್ಕೆ ಮುಂಚೆ, ಸೂರ್ಯಾಸ್ತದ ನಂತರ ಬರಬಾರದು ಎನ್ನುತ್ತದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದೂ ಅದರಲ್ಲಿದೆ. ಬಾಡಿಗೆ ರಾಜ್ಯದ ವಿಷಯ, ರಾಜ್ಯ ಅಳವಡಿಸಿಕೊಳ್ಳುವವರೆಗೆ ಆ ಮಾದರಿ ಇಲ್ಲಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೂ ನೀವು ಆ 24 ಗಂಟೆಯನ್ನು ಪಾಲಿಸುತ್ತೀರಿ. ಬಾಡಿಗೆದಾರ ಅಡ್ಡಿಯಿಲ್ಲದೆ ಮನೆಯನ್ನು ಅನುಭವಿಸಬೇಕು ಎಂಬುದು 1882ರ ಕಾಯ್ದೆಯಲ್ಲಿಯೇ ಇದೆ. ಹೇಳದೆ ಬೀಗ ತೆರೆದು ಒಳಗೆ ಬರುವ ಮ್ಯಾನೇಜರ್ ಅದನ್ನು ಮುರಿಯುತ್ತಾನೆ.

ಮಲಗುವ ಕೋಣೆಯ ಮೂಲೆಯಲ್ಲಿ ಚಾವಣಿ ತೇವಗೊಂಡಿದೆ. ಗಾರೆ ಉಬ್ಬಿ ಹೆಕ್ಕಳಿಕೆ ಎದ್ದಿದೆ. ಬೆರಳಿಟ್ಟರೆ ಪುಡಿ ಉದುರುತ್ತದೆ. ಮೇಲೆ ಟೆರೇಸಿನಲ್ಲಿ ಸಿಂಟೆಕ್ಸ್ ಟ್ಯಾಂಕು.

"ಮಳೆಗಾಲದಿಂದ ಹೇಳ್ತಾನೇ ಇದೀನಿ. ಮಗುಗೆ ಕೆಮ್ಮು ನಿಂತಿಲ್ಲ. ನಾವೇ ಮಾಡಿಸ್ಕೊಂಡು ಬಾಡಿಗೇಲಿ ಕಳೀಬಹುದಂತೆ, ಹೌದಾ?"

ಹೌದು, ಆದರೆ ಒಂದು ಷರತ್ತಿನ ಮೇಲೆ. ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ, ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಕಳೆಯಬಹುದು ಎಂದು ಕಲಂ 108 ಹೇಳುತ್ತದೆ. ಯಾವ ರಿಪೇರಿ ಓನರಿಗೆ ಸೇರಿದ್ದು ಎಂಬುದನ್ನು ಕರಾರು ಹೇಳಬೇಕು. ನಮ್ಮಲ್ಲಿ ಬಹುಪಾಲು ಅಗ್ರಿಮೆಂಟುಗಳು ಅಂಗಡಿಯಲ್ಲಿ ಹೆಸರು, ಮೊತ್ತ, ತಾರೀಖು ಬದಲಿಸಿ ಮುದ್ರಿಸಿದವು. ಅವುಗಳಲ್ಲಿ ಸೋರುವ ಚಾವಣಿಯ ಸುದ್ದಿಯೇ ಇರುವುದಿಲ್ಲ. ಈ ಕಟ್ಟಡದ ಕರಾರಿನಲ್ಲಿ ನೀವು ಆ ಸಾಲನ್ನು ಸೇರಿಸಿದ್ದೀರಿ: ಚಾವಣಿ, ಗೋಡೆ, ಕೊಳವೆ, ಮುಖ್ಯ ವೈರಿಂಗ್ ಓನರಿನ ಹೊಣೆ, ಬಲ್ಬು, ನಲ್ಲಿಯ ವಾಷರ್, ಗೀಸರಿನ ಸರ್ವಿಸ್ ಬಾಡಿಗೆದಾರರ ಹೊಣೆ. ಓನರ್ ಕೆಳಗೇ ಇದ್ದಾರೆ. ಅವರನ್ನು ಕರೆದು ಚಾವಣಿ ತೋರಿಸುತ್ತೀರಿ. ತೇವದ ಗೋಡೆ ಮುಟ್ಟಿ ನೋಡಿದ ಮೇಲೆ ಅವರ ದನಿ ತಗ್ಗುತ್ತದೆ. "ಸೋಮವಾರ ಮೇಸ್ತ್ರಿ ಕಳಿಸ್ತೀನಮ್ಮ."

ಹೊರಡುವ ಮುನ್ನ ಓನರ್ ಇನ್ನೊಂದು ವಿಷಯ ಎತ್ತುತ್ತಾರೆ. ಚಿಕ್ಕಪೇಟೆಯಲ್ಲಿ ಅವರ ತಂದೆಯ ಕಾಲದ ನೂರು ಚದರಡಿಯ ಅಂಗಡಿ ಮಳಿಗೆಯಿದೆ. "ಅವನಿಗೂ 15 ದಿನದ ನೋಟಿಸ್ ಕೊಟ್ಟುಬಿಡೋಣ್ವಾ?" ಇಲ್ಲಿ ನೀವು ಇನ್ನಷ್ಟು ನಿಧಾನಿಸಬೇಕು. 2001ರ ಕೊನೆಯ ದಿನ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರಿದ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗಾಗಿಯೇ ಇಂದಿನ ವಿಜಯನಗರದ ಮನೆಗಳಿಗೆ 1882ರ ಕಾಯ್ದೆ ಅನ್ವಯಿಸುತ್ತದೆ. ವಾಸಕ್ಕಲ್ಲದ ಜಾಗವಾದರೆ ಅಳತೆ 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ. ಅದನ್ನು ಮೀರಿದ ಅಂಗಡಿ ಹೊರಗೆ, ಮೀರದ್ದು ಒಳಗೆ. ಚಿಕ್ಕಪೇಟೆಯ ಮಳಿಗೆ ಚಿಕ್ಕದು, ಹಾಗಾಗಿ ಒಳಗಿದೆ. ಅಲ್ಲಿ ನೋಟಿಸ್ ಒಂದೇ ಸಾಲದು. ಬಾಕಿ, ಸ್ವಂತ ಅಗತ್ಯ ಮುಂತಾಗಿ ಕಾಯ್ದೆಯ ಕಲಂ 27 ಎಣಿಸಿ ಹೇಳಿದ ಕಾರಣಗಳಲ್ಲಿ ಒಂದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಒಬ್ಬರೇ ಓನರ್, ಎರಡು ಸ್ವತ್ತು, ಎರಡು ಕಾನೂನು. ಯಾವುದಕ್ಕೆ ಯಾವುದು ಎಂದು ತಿಳಿಯದೆ ಕೊಟ್ಟ ನೋಟಿಸಿನಿಂದ ವರ್ಷಗಳು ಪೋಲಾಗುತ್ತವೆ.

ಸಂಜೆ ನಾಲ್ಕು. ರಾಜಾಜಿನಗರದಲ್ಲಿ ನೀವು ನೋಡಿಕೊಳ್ಳುವ ಇನ್ನೊಂದು ಫ್ಲ್ಯಾಟಿಗೆ ಹೊಸ ಕುಟುಂಬ ಬರುತ್ತಿದೆ. ಓನರ್ ನ್ಯೂಜೆರ್ಸಿಯಲ್ಲಿರುವ ಕನ್ನಡಿಗ ದಂಪತಿ. ಇ-ಸ್ಟಾಂಪ್ ಕಾಗದದ ಮೇಲೆ ಕರಾರು ಸಿದ್ಧವಾಗಿದೆ. ಅವರ ಪರವಾಗಿ ಸಹಿ ಮಾಡಲು ನಿಮಗೆ ಬಾಯಿಮಾತಿನ ಒಪ್ಪಿಗೆ ಸಾಲದು, ಮುಖ್ತಾರುನಾಮೆ ಬೇಕು. ಅಲ್ಲಿ ಬರೆದು ಪ್ರಮಾಣೀಕರಿಸಿ ಕಳಿಸಿದ ಪತ್ರ ಇಲ್ಲಿ ಕೈಸೇರಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಆ ಪ್ರತಿಯನ್ನು ಹೊಸ ಬಾಡಿಗೆದಾರರ ಮುಂದಿಡುತ್ತೀರಿ.

"ಹನ್ನೊಂದೇ ತಿಂಗಳು ಯಾಕೆ ಸಾರ್? ಮಕ್ಕಳ ಸ್ಕೂಲ್ ಇದೆ, ಮೂರು ವರ್ಷ ಬರೆಯಿರಿ" ಎನ್ನುತ್ತಾರೆ ಮನೆಯ ಯಜಮಾನರು.

ಒಂದು ವರ್ಷ ಮೀರಿದ ಅಥವಾ ವರ್ಷದಿಂದ ವರ್ಷಕ್ಕೆ ಸಾಗುವ ಗುತ್ತಿಗೆ ನೋಂದಣಿಯಾಗಲೇಬೇಕು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 107 ಮತ್ತು 1908ರ ನೋಂದಣಿ ಕಾಯ್ದೆಯ ಕಲಂ 17 ಹೇಳುತ್ತವೆ. ಆ ಖರ್ಚು, ಓಡಾಟ ತಪ್ಪಿಸಲು ಹುಟ್ಟಿದ್ದು ಹನ್ನೊಂದು ತಿಂಗಳ ರೂಢಿ. ಮೂರು ವರ್ಷ ಬೇಕೆಂದರೆ ಬರೆಯಬಹುದು, ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ನೋಂದಾಯಿಸಬೇಕು. ನೋಂದಾಯಿಸದ ಮೂರು ವರ್ಷದ ಕರಾರಿನ ಷರತ್ತುಗಳನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಹಿಡಿಯಲಾಗದು. ತಮಗೆ ಮೂರು ವರ್ಷದ ಭದ್ರತೆಯಿದೆ ಎಂದುಕೊಂಡವರ ಕೈಯಲ್ಲಿ ಆಗ ಉಳಿಯುವುದು ತಿಂಗಳ ಬಾಡಿಗೆ ಸಂಬಂಧ ಮಾತ್ರ.

ತೆರಿಗೆಯ ಮಾತನ್ನೂ ಸಹಿಗೆ ಮೊದಲೇ ಹೇಳಿಬಿಡುತ್ತೀರಿ. ಓನರ್ ಭಾರತದ ನಿವಾಸಿಯಾಗಿದ್ದು ತಿಂಗಳ ಬಾಡಿಗೆ 50,000 ರೂಪಾಯಿ ಮೀರಿದರೆ ಬಾಡಿಗೆದಾರರು ಮೂಲದಲ್ಲೇ ತೆರಿಗೆ ಮುರಿದುಕೊಳ್ಳಬೇಕು. 2024ರ ಅಕ್ಟೋಬರಿನಿಂದ ಅದರ ದರ ಶೇ 2. ಓನರ್ ಅನಿವಾಸಿಯಾದರೆ ಆ 50,000ದ ಮಿತಿಯೇ ಇಲ್ಲ. ದರ ಶೇ 30, ಅದರ ಮೇಲೆ ಸೆಸ್. ಮುರಿಯದೆ ಪೂರ್ತಿ ಬಾಡಿಗೆ ಕಳಿಸಿದರೆ ಇಲಾಖೆ ಕೇಳುವುದು ನ್ಯೂಜೆರ್ಸಿಯವರನ್ನಲ್ಲ, ರಾಜಾಜಿನಗರದಲ್ಲಿ ಬಾಡಿಗೆಗಿರುವವರನ್ನು. ಈ ಮಾತು ಕೇಳಿ ಯಜಮಾನರ ಹುಬ್ಬು ಮೇಲೇರುತ್ತದೆ. ಇದಕ್ಕೆ ಮೊದಲಿದ್ದ ಎರಡು ಮನೆಗಳಲ್ಲಿ ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ.

ಆರೂವರೆ. ವಿಜಯನಗರಕ್ಕೆ ಮರಳುವಷ್ಟರಲ್ಲಿ ಗೇಟಿನ ಬಳಿ ಯುವ ದಂಪತಿ ನಿಂತಿದ್ದಾರೆ. ಹಾಸನದ ಕಡೆಯವರು. ಖಾಲಿಯಾದ ಮನೆಯನ್ನು ಭೋಗ್ಯಕ್ಕೆ ಕೇಳುತ್ತಾರೆ: ಬಾಡಿಗೆ ಇಲ್ಲ, 12 ಲಕ್ಷ ಒಟ್ಟಿಗೆ ಕೊಡುತ್ತಾರೆ, ಮೂರು ವರ್ಷ ಇರುತ್ತಾರೆ, ಹೋಗುವಾಗ ಪೂರ್ತಿ ವಾಪಸ್. "ಅಣ್ಣಾ, ದುಡ್ಡು ನಿಮ್ಮ ಅಕೌಂಟಿಗೇ ಹಾಕ್ತೀವಿ, ನೀವೇ ಓನರಿಗೆ ಕೊಟ್ಟುಬಿಡಿ. ಅಗ್ರಿಮೆಂಟ್ ನಿಮ್ಮ ಜೊತೆನೇ ಮಾಡ್ಕೊಳ್ಳೋಣ."

ಇಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕು. ಭೋಗ್ಯದ ಹಣವನ್ನು ಮಧ್ಯದವನು ತೆಗೆದುಕೊಂಡು, ಓನರಿಗೆ ಬಾಡಿಗೆ ಎಂದು ತಿಂಗಳು ತಿಂಗಳು ಒಂದಿಷ್ಟು ಕಳಿಸಿ, ಒಂದು ದಿನ ಕಾಣೆಯಾಗುವ ವಂಚನೆಗೆ ಈ ಊರಿನಲ್ಲಿ ಎಷ್ಟೋ ಕುಟುಂಬಗಳು ಬಲಿಯಾಗಿವೆ. ಆಗ ಓನರ್ "ನನಗೆ ಬಾಡಿಗೆ ಬಂದಿಲ್ಲ, ಖಾಲಿ ಮಾಡಿ" ಎನ್ನುತ್ತಾರೆ, ವಾಸವಿದ್ದವರು "ನಮ್ಮ 12 ಲಕ್ಷ ಎಲ್ಲಿ" ಎನ್ನುತ್ತಾರೆ. ಇಬ್ಬರೂ ಸತ್ಯವನ್ನೇ ಹೇಳುತ್ತಿರುತ್ತಾರೆ.

"ಹಣ ಓನರ್ ಖಾತೆಗೇ ಹೋಗಬೇಕಮ್ಮ, ಬ್ಯಾಂಕಿನ ಮೂಲಕ. ಸಹಿ ಅವರದೇ ಇರಬೇಕು. ಮೊದಲು ಇ.ಸಿ. ತೆಗೆಸಿ ನೋಡಿ, ಮನೆ ಮೇಲೆ ಸಾಲ ಇದೆಯಾ ಅಂತ. ಮೂರು ವರ್ಷ ಅಂದ್ರೆ ರಿಜಿಸ್ಟರ್ ಮಾಡಿಸಲೇಬೇಕು." ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ಹೇಗೆಂದು ಅವರ ಫೋನಿನಲ್ಲೇ ತೋರಿಸುತ್ತೀರಿ. ಮನೆ ಬ್ಯಾಂಕಿಗೆ ಅಡವಾಗಿದ್ದು ಓನರ್ ಕಂತು ಕಟ್ಟದೆ ಹೋದರೆ, ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಕ್ಕೆ ಪಡೆದು ಹರಾಜಿಗಿಡಬಹುದು. ನೋಂದಣಿಯಾಗದ ಕಾಗದ ಹಿಡಿದ ಭೋಗ್ಯದಾರರ ಕೂಗಿಗೆ ಆಗ ಬಲ ಬಹಳ ಕಡಿಮೆ. ಬ್ಯಾಂಕು ಕೆಲವೊಮ್ಮೆ ಪತ್ರವನ್ನಷ್ಟೇ ಪಡೆದು ಸಾಲ ಕೊಟ್ಟಿರುತ್ತದೆ, ಆದ್ದರಿಂದ ಇ.ಸಿ. ಸ್ವಚ್ಛವಾಗಿದ್ದರೂ ಮೂಲ ಪತ್ರಗಳನ್ನು ಕಣ್ಣಾರೆ ನೋಡಲು ಹೇಳುತ್ತೀರಿ. ಆ ಹುಡುಗಿ ಎಲ್ಲವನ್ನೂ ಬರೆದುಕೊಳ್ಳುತ್ತಾಳೆ. ಇವತ್ತೇ ಮುಗಿಯಬಹುದಾಗಿದ್ದ ವ್ಯವಹಾರ ಎರಡು ವಾರ ಮುಂದೆ ಹೋಯಿತು. ನಿಮ್ಮ ಕಮಿಷನ್ನೂ ಮುಂದೆ ಹೋಯಿತು. ಸರಿಯಾದದ್ದೇ ಆಯಿತು.

ಇದು ಒಂದೇ ದಿನದ ಕೆಲಸ, ಇಂಥ ದಿನ ಪ್ರತಿ ತಿಂಗಳೂ ಬರುತ್ತದೆ. ಮನೆ ನೋಡಿಕೊಳ್ಳುವವರನ್ನು ಓನರಿನ ಕಡೆಯವರೆಂದು ಬಾಡಿಗೆದಾರರೂ, ತಮ್ಮ ಆಳೆಂದು ಕೆಲವು ಓನರುಗಳೂ ಭಾವಿಸುತ್ತಾರೆ. ಎರಡೂ ತಪ್ಪು. ಓನರಿಗೆ ಬಾಡಿಗೆ, ಬಾಡಿಗೆದಾರರಿಗೆ ನೆಮ್ಮದಿಯ ವಾಸ, ಎರಡನ್ನೂ ಕಾಯುವುದು ಒಂದೇ ಕಾನೂನು. ಆ ಕಾನೂನು ಇಬ್ಬರಿಗೂ ತಲುಪುವುದು ನಿಮ್ಮ ಬಾಯಿಂದ. ವಕೀಲರ ಬಳಿ ಜನ ಹೋಗುವುದು ಜಗಳ ಆದ ಮೇಲೆ, ನಿಮ್ಮ ಬಳಿ ಬರುವುದು ಆಗುವ ಮೊದಲು.

ಆದ್ದರಿಂದ ಈ ಕೆಲಸಕ್ಕೆ ಇಳಿಯುವವರಲ್ಲಿ, ದೂರದಲ್ಲಿರುವ ಅಣ್ಣನ ಮನೆಯನ್ನೋ ಅತ್ತೆಯ ಮನೆಯನ್ನೋ ನೋಡಿಕೊಳ್ಳುತ್ತಿರುವವರಲ್ಲಿಯೂ ನನ್ನ ಕೋರಿಕೆ ಇಷ್ಟು: ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 105ರಿಂದ 117ರವರೆಗೆ ಒಮ್ಮೆ ನಿಧಾನವಾಗಿ ಓದಿ, ಕೆಲವೇ ಪುಟಗಳು. ಕರ್ನಾಟಕ ಬಾಡಿಗೆ ಕಾಯ್ದೆ ಯಾವ ಕಟ್ಟಡಕ್ಕೆ ಅನ್ವಯಿಸುತ್ತದೆ, ಯಾವುದಕ್ಕೆ ಇಲ್ಲ ಎಂಬುದನ್ನು ಗುರುತು ಮಾಡಿಕೊಳ್ಳಿ. ಬಾಡಿಗೆ ಮಧ್ಯವರ್ತಿಗಳು ನೋಂದಾಯಿಸಿಕೊಳ್ಳಬೇಕೆಂಬ ನಿಯಮವೂ ಆ ಕಾಯ್ದೆಯಲ್ಲಿದೆ, ಅದನ್ನು ಪಾಲಿಸಿ. ಮನೆ ಕೊಡುವ ದಿನ ಚಿತ್ರ ತೆಗೆಯಿರಿ, ಬಿಡುವ ದಿನ ಲೆಕ್ಕ ಬರೆಯಿರಿ, ನೋಟಿಸಿಗೆ ವಕೀಲರನ್ನು ಹಿಡಿಯಿರಿ. ನಿಮ್ಮ ಕೈಯಲ್ಲಿರುವ ಎರಡನೇ ಬೀಗದ ಕೈ ಬೆಂಕಿ ಬಿದ್ದಾಗ, ಕೊಳವೆ ಒಡೆದಾಗ ಬಳಸಲು ಇರುವುದು. ಯಾರನ್ನೂ ಬೀದಿಗೆ ಹಾಕಲು ಅಲ್ಲ. ಓನರ್ ಎಷ್ಟೇ ಒತ್ತಾಯಿಸಲಿ, ಆ ಒಂದು ಕೆಲಸ ಮಾತ್ರ ಮಾಡಬೇಡಿ.